ಕಾವಿಲ್ಲದ ಇಕ್ಕಳ

ಕಬ್ಬಿಣದ ಹಲ್ಲುಗಳ ನಡುವೆ ಒಂದು ಗೂಟ, ಗೂಟದಿಂದ ಇಳಿಬಿದ್ದ ಹಗ್ಗದ ತುಂಡು, ಅದು ಗಾಳಿಗೆ ಒಮ್ಮೆ ಆಡಿ ನಿಂತಿತು — ಲಿಂಗಮ್ಮನವರ ಕಥೆಯಲ್ಲಿ ಹಗ್ಗವಿರಲಿಲ್ಲ, ಗೂಟವೂ ಇರಲಿಲ್ಲ, ಕೊಡಲಿ ಇತ್ತು, ಕೊಡಲಿಗೆ ಮರದ ಕಾವಿತ್ತು. ಊರೂರು ತಿರುಗಿ ಕಥೆ ಕೂಡಿಹಾಕುತ್ತಿದ್ದ ನನಗೆ ಇದನ್ನು ಮೊದಲು ಹೇಳಿದವರು ಅವರೇ, ತೊಂಬತ್ತಮೂರರ ಮಾರ್ಗಶಿರದಲ್ಲಿ, ಓಲ್ಡ್ ಟೌನಿನ ತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ, ಅವರು ಕೇಳಿದ್ದು ಅತ್ತೆಯಿಂದ, ಅತ್ತೆ ಯಾರಿಂದ ಕೇಳಿದರು ಎಂದರೆ, ಅದನ್ನ ಅವಳನ್ನೇ ಕೇಳ್ಬೇಕಿತ್ತು ಮಾರಾಯ, ಈಗೆಲ್ಲಿಂದ ಕರ್ಕೊಂಡು ಬರ್ಲಿ — ಮರ ಕಡಿಯುವವನು ಹಿಂದಿನ ಸಂಜೆ ಕೊಡಲಿಯನ್ನು ಬುಡಕ್ಕೆ ಒರಗಿಸಿ ಬರಬೇಕು, ಬೆಳಿಗ್ಗೆ ಅದು ನಿಂತೇ ಇದ್ದರೆ ಮರ ಒಪ್ಪಿತು, ಬಿದ್ದಿದ್ದರೆ ಕೈಮುಗಿದು ಹಿಂದಿರುಗಬೇಕು. ಇಷ್ಟನ್ನು ಕಾಗದನಗರದ ಅಂಚಿನ ಈ ಬೀದಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ, ಅರ್ಧ ಕಥೆ, ಅದನ್ನೇ ಪೂರ್ತಿಯೆಂದು ಎದೆ ತಟ್ಟಿ ಹೇಳುತ್ತಾರೆ, ಮಲ್ಲಿಕ್ ಕೂಡ ಅಷ್ಟನ್ನೇ ಬಲ್ಲ, ಶಿವಮೊಗ್ಗದ ಬಟ್ಟೆ ವ್ಯಾಪಾರಿ ಶಿವಯೋಗಪ್ಪನವರ ಮಗ, ತಂದೆ ಗಜಕಡ್ಡಿ ಹಿಡಿದು ಅಳೆದರು, ಮಗ ಟೇಪು ಹಿಡಿದು ನೆಲ ಅಳೆಯುತ್ತಾನೆ, ತಂದೆ ಕೊನೆಗೆ ಒಂದು ಗೇಣು ಹೆಚ್ಚಿಗೆ ಬಿಡುತ್ತಿದ್ದರು, ಮಗನಿಂದ ಅದನ್ನು ನಿರೀಕ್ಷಿಸಿದವರು ಯಾರೂ ಇಲ್ಲ. ಬೀದಿಯ ಹಿಂದಿನ ಪೊದೆಗಾಡನ್ನು ಕೊಂಡ, ಸೈಟು ಮಾಡಿದ, ಇದ್ದ ಒಂದೇ ಅತ್ತಿಮರ ಅವನ ರಸ್ತೆಯ ನಡುವೆ ಬಂತು, ಮರ ರಸ್ತೆಗೆ ಅಡ್ಡ ಬಂತಂತೆ, ರಸ್ತೆ ಮರಕ್ಕೆ ಅಡ್ಡ ಬಂತೆನ್ನುವ ಭಾಷೆ ಆ ಬಾಯಿಗೆ ಬಾರದು.

ಅದಕ್ಕಾಗಿ ಬಂತು ಈ ಪುಟ್ಟ ಲೋಡರ್, ಲಾರಿಯ ಬೆನ್ನೇರಿ, ಹಣೆಗೆ ವಿಭೂತಿ, ಗಾಲಿಗೆ ನಿಂಬೆಹಣ್ಣು, ಜನ ಅದನ್ನು ಜೆಸಿಬಿಯ ಮರಿ ಎಂದರು, ಮಕ್ಕಳನ್ನು ಎತ್ತಿ ತೋರಿಸಿದರು. ಬೆಳಿಗ್ಗೆ ಅದರ ಮೂತಿಗೆ ಗಿರ್ರನೆ ತಿರುಗುವ ಬ್ಲೇಡು, ಲಂಟಾನದ ಪೊದೆಗಳೆಲ್ಲ ಪುಡಿಪುಡಿ, ಆ ಹಸಿ ವಾಸನೆ ಇನ್ನೂ ಮೂಗಿನಲ್ಲಿದೆ, ಮಧ್ಯಾಹ್ನ ಬ್ಲೇಡು ಕಳಚಿ ಬಾಚಣಿಗೆಯಂಥ ಬಕೆಟ್ಟು ತೊಟ್ಟು ಕಸವನ್ನೆಲ್ಲ ಗುಡ್ಡೆ ಹಾಕಿತು, ಸಂಜೆ ಅದನ್ನೂ ಕಳಚಿ ಇಕ್ಕಳ, ಕಾಂಡವನ್ನು ನೆಲಮಟ್ಟದಲ್ಲಿ ಕಚ್ಚಿ ಬೇರುಸಹಿತ ಕೀಳುವುದಕ್ಕೆಂದೇ ಮಾಡಿದ್ದು — ನಮ್ಮ ದೇವತೆಗಳು ಹತ್ತು ಕೈಗಳನ್ನೂ ಮೈಮೇಲೇ ಹೊತ್ತು ತಿರುಗಿದರು, ಇದಕ್ಕೆ ಅಷ್ಟು ಮರ್ಯಾದೆಯೂ ಇಲ್ಲ, ಬೇಡವಾದ ಕೈಯನ್ನು ಬಿಚ್ಚಿ ಧೂಳಿಗೆ ಎಸೆಯುತ್ತದೆ. ಒಳಗೆ ಕೂತು ಎರಡು ಕೋಲು ಅಲ್ಲಾಡಿಸುವವನು ರೂಪೇಶ್, ಬಾಯಿ ತುಂಬ ಗುಟ್ಕಾ, ಅಜ್ಜೀ ಸಕ್ರೆಬೈಲು ಕ್ಯಾಂಪಿನ ಆನೆ ದಿನಾ ಎಷ್ಟು ತಿನ್ನುತ್ತೆ ಗೊತ್ತಾ, ಇದಕ್ಕೆ ಒಂದು ಕ್ಯಾನು ಡೀಸೆಲ್ ಸಾಕು ಎಂದ, ಮೂರ್ಖ, ಆನೆ ಮರಕ್ಕೆ ಹಣೆ ಕೊಡುತ್ತದೆ, ಒಂದು ಗಳಿಗೆ ತಡೆಯುತ್ತದೆ, ಮತ್ತೆ ಹಣೆ ಕೊಡುತ್ತದೆ, ಆ ತಡೆಯುವಿಕೆ ಏನೆಂದು ಇವನಿಗೆ ಹೇಳುವವರು ಯಾರು. ಅಜ್ಜಿ ಎಂದದ್ದು ನಂಜಮ್ಮನನ್ನು, ಬೀದಿಗೆಲ್ಲ ಹಾಲು ಹಾಕುವವಳು, ಮರದ ಬುಡದಲ್ಲಿ ಸೆರಗು ಹೊದ್ದು ಕೂತುಬಿಟ್ಟಿದ್ದಳು, ಅವಳ ಹಿಂದೆ ಬೀದಿ ಕೂತಿತ್ತು — ಇಲ್ಲಿ ಹಸು ಈದರೆ, ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಸುವ ಮರಕ್ಕೇ ಕಟ್ಟಬೇಕು, ಆಗಲೇ ಕೆಚ್ಚಲು ತುಂಬುವುದು, ದೊಡ್ಡ ಅತ್ತಿಮರ ಹಿಂದೆ ಯಾವುದೋ ಗಾಳಿಗೆ ಬಿದ್ದಾಗ ಅದರ ಬುಡದಿಂದಲೇ ಎದ್ದು ಬಂದದ್ದು ಇದು, ತೊಡೆಯಷ್ಟು ದಪ್ಪ, ಕೊಂಬೆಯಿಂದ ಕೊಂಬೆಗೆ ಒಣಗಿದ ಹುಲ್ಲಿನ ಗಂಟುಗಳು — ನನ್ನ ಗೌರಿ ಗಬ್ಬ ಕಣಪ್ಪ, ಈ ತಿಂಗಳೇ ಈಯುತ್ತೆ, ಮಾಸು ಎಲ್ಲಿಗೆ ಕಟ್ಲಿ, ನಿನ್ನ ಲೈಟು ಕಂಬಕ್ಕಾ, ಎಂದಳು, ಜನ ನಕ್ಕರು, ಮಲ್ಲಿಕ್ಕೂ ನಕ್ಕ, ನಗುವುದನ್ನು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಮರ ಒಪ್ಪಿದ್ರೆ ಕೀಳು, ನಾನು ಅಡ್ಡ ಬರಲ್ಲ, ಎಂದಳು ನಂಜಮ್ಮ, ಅಷ್ಟೇ ತಾನೆ ಅಜ್ಜೀ, ಕೇಳೇಬಿಡೋಣ, ಎಂದ ಮಲ್ಲಿಕ್, ರೂಪೇಶನಿಗೆ ಕಣ್ಣು ಹೊಡೆದು ಇಕ್ಕಳವನ್ನು ಕೊಡಲಿಯಂತೆ ಮರಕ್ಕೆ ಒರಗಿಸಿ ಯಂತ್ರದಿಂದ ಕಳಚಿಸಿದ, ಬೆಳಗಾದರೆ ಅದು ನಿಂತೇ ಇತ್ತು, ಹತ್ತು ಜನ ಸೇರಿ ನೂಕಿದರೂ ಅಲುಗದ ಕಬ್ಬಿಣ ಗಾಳಿಗೆ ಬೀಳಲಿಲ್ಲವೆಂದು ಈ ಜನ ಕೆನ್ನೆ ಕೆನ್ನೆ ತಟ್ಟಿಕೊಂಡರು.

ಆಗ ನಾನು ಬಾಯಿ ಬಿಟ್ಟೆ, ನಂಜಮ್ಮನೇ ಕರೆಸಿದ್ದಳು, ಮೇಷ್ಟ್ರಿಗೆ ಕಥೆ ಪೂರ್ತಿ ಗೊತ್ತು ಎಂದು, ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಲಿಂಗಮ್ಮನವರ ಪಾಠವನ್ನೇ ಹೇಳಿದೆ: ನಿಲ್ಲುವುದೂ ಬೀಳುವುದೂ ಕಬ್ಬಿಣದ ಕೆಲಸವಲ್ಲ, ಕಾವಿನ ಕೆಲಸ, ಕಾವು ಮರದ ಕುಲದ್ದು, ರಾತ್ರಿಯೆಲ್ಲ ತನ್ನವರ ಜೊತೆ ಮಾತಾಡುತ್ತದೆ, ಬೆಳಿಗ್ಗೆ ಉತ್ತರ ತರುತ್ತದೆ — ಇದಕ್ಕೆ ಕಾವೆಲ್ಲಿದೆ ಮಲ್ಲಿಕ್, ಇದು ಯಾರ ಪರವಾಗಿ ಯಾರನ್ನು ಕೇಳಿತು, ಎಂದೆ, ರೂಪೇಶ್ ಗುಟ್ಕಾ ಉಗಿದ, ಮುಗಿಯಿತೆಂದುಕೊಂಡೆ, ಇವರ ಬುದ್ಧಿಗೆ ಇಷ್ಟು ಸಾಕೆಂದುಕೊಂಡೆ, ಆದರೆ ಮಲ್ಲಿಕ್ ವ್ಯಾಪಾರಿಯ ಮಗ, ಗಿರಾಕಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ, ಅಷ್ಟೇನಾ ಸಾರ್ ಎಂದ, ರೂಪೇಶ್ ಓಡಿಹೋಗಿ ಕಾವಿಗೆಂದು ಪೊರಕೆಯ ಕೋಲು ತಂದ, ಅದನ್ನ ನಿನ್ ಹೆಂಡ್ತಿ ಕೈಗೆ ಕೊಡು, ನಿಂಗೂ ಉತ್ತರ ಸಿಗುತ್ತೆ, ಎಂದಳು ನಂಜಮ್ಮ, ಮತ್ತೆ ನಗು, ಅತ್ತಿ ಕಟ್ಟಿಗೇನೇ ಆಗ್ಬೇಕಾ ಸಾರ್, ಎಂದು ಮಲ್ಲಿಕ್ ಕೇಳಿದ, ಅದೇ ಕುಲದ್ದೇ ಆಗಬೇಕು ಎಂದೆ, ಪಾಠದಲ್ಲಿ ಹಾಗೇ ಇದೆ, ಕೊಟ್ಟಿಗೆಯಲ್ಲಿ ಹುಡುಕಲಿ, ಬಜಾರಿನಲ್ಲಿ ಹುಡುಕಲಿ, ಕಾವಿಗೆ ಅತ್ತಿ ಕಟ್ಟಿಗೆ ಯಾವ ಪುಣ್ಯಾತ್ಮ ಮಾರುತ್ತಾನೆ ಎಂದುಕೊಂಡೆ — ಎದ್ದವಳು ನಂಜಮ್ಮ, ಮನೆಗೆ ಹೋದಳು, ಗೌರಿಯನ್ನು ಕಟ್ಟುವ ಗೂಟವನ್ನೇ ಕಿತ್ತು ತಂದಳು, ಬಿದ್ದ ದೊಡ್ಡ ಅತ್ತಿಯ ಕೊಂಬೆಯಲ್ಲಿ ಮಾಡಿಸಿದ್ದಂತೆ, ತುದಿಯಲ್ಲಿ ಹಗ್ಗದ ತುಂಡು ಹಾಗೇ ಇತ್ತು, ಬೇಡ ನಂಜಮ್ಮ ಎಂದೆ, ಕೇಳೋದು ಅಂದ್ಮೇಲೆ ನೆಟ್ಟಗೆ ಕೇಳ್ಬೇಕಲ್ವಾ ಮೇಷ್ಟ್ರೇ, ಸುಳ್ಳು ಕೇಳಿ ಉಳಿಸ್ಕೊಂಡ ಮರದಾಗೆ ಹಾಲು ಬರುತ್ತಾ, ಎಂದಳು, ರೂಪೇಶ್ ಅದನ್ನು ಸುತ್ತಿಗೆಯಿಂದ ಬಡಿದು ಹಲ್ಲುಗಳ ಸಂದಿಗೆ ಸಿಕ್ಕಿಸಿದ, ಸಂಜೆ ಇಕ್ಕಳವನ್ನು ಯಂತ್ರದಿಂದ ಎತ್ತಿ ಮತ್ತೆ ಮರಕ್ಕೆ ಒರಗಿಸಿದರು.

ಈ ಬೆಳಿಗ್ಗೆ ಅದು ನಿಂತಿದೆ, ನಿಲ್ಲದೆ ಏನು, ಕಬ್ಬಿಣ ಕಚ್ಚಿದ ಗೂಟ ಬೀಳುವುದಾದರೂ ಎಲ್ಲಿಗೆ, ಇದನ್ನು ಹೇಳಬೇಕೆಂದು ನಾಲಿಗೆ ಎದ್ದಿತು, ಕಾವು ಬೀಳುವುದಕ್ಕೂ ಸ್ವತಂತ್ರವಾಗಿರಬೇಕು ಎನ್ನುವ ಒಂದೇ ಮಾತು, ಅವರು ನಂಬುತ್ತಿದ್ದರು, ನಾನು ಹೇಳಿದ್ದನ್ನೆಲ್ಲ ನಂಬಿದ್ದಾರೆ — ಆದರೆ ಆ ಮಾತು ಲಿಂಗಮ್ಮನವರದಲ್ಲ, ಅವರು ಹೇಳದ್ದನ್ನು ಅವರ ಬಾಯಿಗೆ ತುರುಕುವವರನ್ನು ನಾನು ಬಲ್ಲೆ, ಜಾನಪದದ ಸಭೆಗಳಲ್ಲಿ ಅಂಥವರ ಪಕ್ಕ ಕೂರುವುದಿಲ್ಲ, ಹಾಗಾಗಿ ನಾಲಿಗೆ ಮಲಗಿತು. ನಂಜಮ್ಮ ಗೂಟವನ್ನು ಮುಟ್ಟಿ ನೋಡಿದಳು, ಹಣೆಗೊತ್ತಿಕೊಂಡಳು, ಒಪ್ತು, ಏಳ್ರಪ್ಪ, ಎಂದಳು, ಅವಳ ದನಿಯಲ್ಲಿ ಏನೂ ಇರಲಿಲ್ಲ, ಜನ ಎದ್ದರು, ಕುಂಡಿಯ ಧೂಳು ಕೊಡವಿಕೊಂಡರು, ಫಸ್ಟ್ ಶಿಫ್ಟಿಗೆ ಲೇಟಾಯ್ತು ಎಂದರು, ಎಲ್ಲ ಶಾಸ್ತ್ರಪ್ರಕಾರ ಆಯ್ತು ಬಿಡಿ ಮೇಷ್ಟ್ರೇ ಎಂದು ನನಗೇ ಸಮಾಧಾನ ಹೇಳಿದರು, ಒಬ್ಬರ ಹಿಂದೊಬ್ಬರು ಮನೆಗೆ ಹೋದರು. ಕೊನೆಗೆ ಹೋದವಳು ನಂಜಮ್ಮ, ಗೂಟವಿಲ್ಲದ ಗೌರಿಯನ್ನು ಮಲ್ಲಿಕ್ ನೆಟ್ಟ ಸೈಟುಕಲ್ಲಿಗೆ ಕಟ್ಟಿದ್ದಾಳೆ, ಅದು ತುಂಬಿದ ಹೊಟ್ಟೆ ಹೊತ್ತು ಇತ್ತಲೇ ನೋಡುತ್ತಿದೆ — ಯಂತ್ರ ತನ್ನ ಕೈ ತೊಟ್ಟುಕೊಂಡಿತು, ಗೂಟ ತೆಗೆಯುವ ಪುರುಸೊತ್ತು ಯಾರಿಗೂ ಇಲ್ಲ, ಹಲ್ಲು ಬುಡವನ್ನು ಕಚ್ಚಿತು, ತಡೆಯಲಿಲ್ಲ, ಬಿಳಿ ಹಾಲು ಕಬ್ಬಿಣದ ಮೇಲೆ ಇಳಿಯಿತು, ಒಣ ಹುಲ್ಲಿನ ಗಂಟುಗಳು ಉದುರಿದವು, ಬೇರು ಎದ್ದಿತು, ಇಷ್ಟೇ ಇತ್ತೇ, ಇಷ್ಟೇ — ಹಲ್ಲುಗಳ ನಡುವೆ ಗೂಟ, ಗೂಟದಿಂದ ಇಳಿಬಿದ್ದ ಹಗ್ಗದ ತುಂಡು, ಗಾಳಿಯಿಲ್ಲ, ಆಡುತ್ತಿದೆ, ಹಗ್ಗದ ತುಂಡು