ಸ್ವಾತಿಯ ಗಟ್ಟಿ ದನಿ

ಕುಂದಾಪುರದ ಆ ಜವಳಿ ಅಂಗಡಿಗೆ ಸೇರಿ ತಿಂಗಳಾದರೂ ಗಿರಾಕಿಗಳ ಎದುರು ಸ್ವಾತಿ ಬಾಯಿ ಬಿಡುತ್ತಿರಲಿಲ್ಲ.

"ಶನಿವಾರದೊಳಗ್ ಮಾತಾಡುಕ್ ಕಲ್ಸ್. ಇಲ್ದಿರೆ ವಂಡ್ಸೆ ಬಸ್ ಹತ್ಸಿ ಮನಿಗ್ ಕಳ್ಸ್," ಎಂದು ಧಣಿ ಗೋವರ್ಧನ ಶೆಟ್ಟರು ಸೂಪರ್‌ವೈಸರ್ ನಿಶ್ಮಿತಾಳಿಗೆ ಹೇಳಿದ್ದರು.

ನಿಶ್ಮಿತಾ ಎಂ.ಬಿ.ಎ. ಓದಿದವಳು. ದಿನಾ ಬೆಳಿಗ್ಗೆ ಸ್ವಾತಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಒಂದೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು: ಪೊಟ್ಟಣ ಕೊಡುವಾಗ ಮುಖ ನೋಡಿ ನಕ್ಕು 'ಸಂತೋಷ, ಮತ್ತೆ ಬನ್ನಿ' ಅನ್ನಬೇಕು.

"ನೆಗಾಡುಕ್ ಹೋರೆ ಮರ್ಕ್ ಬತ್ತ್ ಅಕ್ಕಾ," ಎಂದು ಸ್ವಾತಿ ಬಂದ ಅಳು ತಡೆದು ಕಣ್ಣೊರೆಸಿಕೊಂಡಳು. "ಎಲ್ಲರಿಗೂ ಹೇಳ್ಕಾ?"

"ಎಲ್ಲರಿಗೂ. ಯೋಚ್ನೆ ಮಾಡ್ಬೇಡ. ಯೋಚ್ನೆ ಮಾಡಿರೆ ನಿನ್ ಬಾಯಿ ಕಟ್ಟತ್."

ಶನಿವಾರ ನಿಶ್ಮಿತಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಅಲ್ಲಿಂದ ಗಿರಾಕಿಯ ಬೆನ್ನಷ್ಟೇ ಕಾಣುತ್ತಿತ್ತು. ಪೊಟ್ಟಣ ಕೊಟ್ಟ ಸ್ವಾತಿ ತಲೆಯೆತ್ತಿ ನಕ್ಕಳು.

"ಸಂತೋಷ! ಮತ್ತೆ ಬನ್ನಿ!"

ಇಡೀ ಅಂಗಡಿಗೆ ಕೇಳಿಸಿತು. ನಿಶ್ಮಿತಾ ಖುಷಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟಳು.

ಆತ ತಿರುಗಿದ. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಬಿಳಿ ಬಟ್ಟೆ. ಹೆಣಕ್ಕೆ ಹೊದಿಸಲು ಬಟ್ಟೆ ಒಯ್ಯುವವರನ್ನು ಯಾವ ಅಂಗಡಿಯವರೂ ಮತ್ತೆ ಬನ್ನಿ ಎಂದು ಕರೆಯುವುದಿಲ್ಲ, ಕೊಟ್ಟು ಸುಮ್ಮನಾಗುತ್ತಾರೆ. ನಿಶ್ಮಿತಾಳಿಗೆ ಇದು ಚಿಕ್ಕಂದಿನಿಂದ ಗೊತ್ತಿತ್ತು. ಪಾಠದಲ್ಲಿ ಮಾತ್ರ ಸೇರಿರಲಿಲ್ಲ.

ಅವಳು ರಸ್ತೆಗೆ ಓಡಿದಳು. "ಹ್ವಾಯ್, ಒಂದ್ ನಿಮ್ಷ..."

ಆತ ನಿಂತ. ಅವಳು ಅಂಗಡಿಯತ್ತ ಕೈ ತೋರಿದಳು.

"ಹೆಣ್ಣ್ ಹೊಸ್ತಾ?" ಆತನೇ ಕೇಳಿದ. "ಬೈಬೇಡಿ ಅಮ್ಮಾ," ಎಂದು ಹೊರಟುಹೋದ.

ಒಳಗೆ ಬಂದರೆ ಧಣಿಗಳು ಕೋಣೆಯಿಂದ ಹೊರಬಂದಿದ್ದರು. "ಫೋನಲ್ಲಿದ್ರೂ ಕೇಂಡಿತ್ ಮಾರಾಯ್ತಿ! ಹೆಣ್ಣೇ, ಇನ್ ಮೇಲೆ ನೀ ಕೌಂಟರಲ್ಲೇ. ನಿಶ್ಮಿತಾ, ಟ್ರೇನಿಂಗ್ ಅಂದ್ರೆ ನಿಂದ್ ಕಾಣ್!"

ಸ್ವಾತಿಯ ಮುಖ ಬಿಳುಚಿತ್ತು. ಅವಳು ನಿಶ್ಮಿತಾಳನ್ನೇ ನೋಡುತ್ತಿದ್ದಳು. ಧಣಿಗಳು ಆ ಬಿಳಿ ಬಟ್ಟೆಯನ್ನು ಕಂಡಿರಲಿಲ್ಲ; ನಿಜ ಹೇಳಿದರೆ ಹುಡುಗಿಯ ಕೆಲಸಕ್ಕೆ ಕುತ್ತು. ಆದರೆ ತಾನು ಬಾಯಿ ಮುಚ್ಚಿ ನಿಂತದ್ದು ಹುಡುಗಿಗಾಗಿಯೋ, ಆ ಹೊಗಳಿಕೆಗಾಗಿಯೋ ಎಂದು ನಿಶ್ಮಿತಾಳಿಗೇ ತಿಳಿಯಲಿಲ್ಲ. ಚಪ್ಪಾಳೆ ತಟ್ಟಿದ ಅಂಗೈ ಇನ್ನೂ ಬಿಸಿಯಿತ್ತು.

ಮುಂದಿನ ಗಿರಾಕಿ ಬಂದಳು. ಮಗುವಿನ ಹಳದಿ ಅಂಗಿಯನ್ನು ಕವರಿಗೆ ಹಾಕಿದ ಸ್ವಾತಿ ಅದನ್ನು ಕೊಡದೆ ತಡೆದಳು.

"ಇವ್ರಿಗ್ ಹೇಳ್ಕಾ ಅಕ್ಕಾ?" ಪಿಸುದನಿಯಲ್ಲಿ ಕೇಳಿದಳು.

'ಹೇಳು' ಅನ್ನಲು ನಿಶ್ಮಿತಾ ಬಾಯಿ ತೆರೆದಳು. ದನಿ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು.