ಯಾರಿಗೂ ಓದಲಾಗದ ಚುಕ್ಕಿಗಳು

ಕುಣಿಗಲ್‌ನ ಅಂಧಮಕ್ಕಳ ಶಾಲೆಯಲ್ಲಿ ಬ್ರೈಲ್ ಮುದ್ರಣಯಂತ್ರ ನೋಡಿಕೊಳ್ಳುವುದು ಸರ್ವಮಂಗಳ ಟೀಚರ್ ಕೆಲಸ. ದಪ್ಪ ಕಾಗದದ ಮೇಲೆ ಚುಕ್ಕಿ ಎಬ್ಬಿಸುತ್ತ ಅದು ಓಡತೊಡಗಿದರೆ ಪಕ್ಕದ ತರಗತಿಯ ಪಾಠವೇ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಕೈಕೊಟ್ಟಿತು. ಪ್ರಶ್ನೆಪತ್ರಿಕೆ ಕಳಿಸಿದರೆ ಯಂತ್ರ ಮಿಸುಕಲಿಲ್ಲ. ವಿಚಾರಿಸಿದರೆ, ಹಿಂದಿನ ದಿನ ಶಾಲೆ ನಡೆಸುವ ಟ್ರಸ್ಟಿನವರು ಕಳಿಸಿದ ತುಮಕೂರಿನ ಟೆಕ್ನಿಷಿಯನ್ ಲಕ್ಷ್ಮೀಕಾಂತ್ ಬಂದು ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದು ಹಾಕಿ ಹೋಗಿದ್ದ. ಒಂದು ಮಾತೂ ಕೇಳಿರಲಿಲ್ಲ.

ಫೋನ್ ಮಾಡಿದ ಮೇಲೆ ಮತ್ತೆ ಬಂದ.

"ಈ ಮಶೀನ್‌ಗೆ ಹೊಸ ಸಿಸ್ಟಂನಲ್ಲಿ ಡ್ರೈವರ್ ಇಲ್ಲ ಮೇಡಂ. ಡ್ರೈವರ್ ಇಲ್ದಿದ್ರೆ ಕಂಪ್ಯೂಟರ್ ಹೇಳೋದು ಇದಕ್ಕೆ ಅರ್ಥ ಆಗಲ್ಲ."

"ಹಳೇದನ್ನೇ ಹಾಕಿಕೊಡಿ."

"ಎಲ್ಲಾ ಫಾರ್ಮ್ಯಾಟ್ ಮಾಡ್ಬಿಟ್ಟೆ. ಹಳೇದು ಹಾಕಕ್ಕೆ ನಮ್ಮಾಫೀಸಲ್ಲಿ ಒಪ್ಪಲ್ಲ, ಸೆಕ್ಯುರಿಟಿ ಇಲ್ಲ ಅಂತಾರೆ. ಬೇರೆ ಪ್ರಿಂಟರ್‌ದು ಡ್ರೈವರ್ ಹಾಕ್ ನೋಡ್ತೀನಿ, ಇರಿ."

ಯಂತ್ರ ಓಡಿತು. ಸರ್ವಮಂಗಳಗೆ ಜೀವ ಬಂದಂತಾಯಿತು. ಹುಟ್ಟುಕುರುಡರಾದ ಸಮಾಜ ವಿಜ್ಞಾನದ ಮೇಷ್ಟ್ರು ಗೋವಿಂದರಾಜು ಹಾಳೆಯ ಮೇಲೆ ಬೆರಳಾಡಿಸಿದರು. ಒಂದು ಸಾಲು, ಎರಡು ಸಾಲು. ಬೆರಳು ನಿಂತಿತು.

"ಇದ್ಯಾವ ಭಾಷೆ ಮೇಡಂ? ಒಂದಕ್ಷರನೂ ಅಕ್ಷರ ಅಲ್ಲ."

ಲಕ್ಷ್ಮೀಕಾಂತ್ ಹಾಳೆಯನ್ನು ಬೆಳಕಿಗೆ ಹಿಡಿದ. "ಪ್ರಿಂಟ್ ಏನೋ ನೀಟಾಗೇ ಬಂದೈತಲ್ಲ ಸಾರ್!" ಎಂದ.

ಸರ್ವಮಂಗಳಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಯಂತ್ರದ ಕಂಪನಿಗೆ ತಾನೇ ಫೋನ್ ಹಚ್ಚಿದಳು. ಜೇನು ಸವರಿದಂಥ ದನಿಯೊಂದು, ಆ ಮಾಡೆಲ್‌ಗೆ ಸಪೋರ್ಟ್ ನಿಲ್ಲಿಸಿದ್ದೇವೆ, ಹೊಸದು ತಗೊಳ್ಳಿ ಎಂದಿತು.

"ಇದಕ್ಕೇನಾಗಿದೆ?"

"ಏನೂ ಆಗಿಲ್ಲ ಮೇಡಂ. ಮಶೀನ್ ಚೆನ್ನಾಗೇ ಇದೆ."

"ಚೆನ್ನಾಗಿರೋದನ್ನ ಎಸೀಬೇಕಾ?"

"ಬ್ರೋಷರ್ ಕಳಿಸ್ತೀನಿ ಮೇಡಂ."

ಬ್ರೋಷರ್ ಬಂತು. ಗೋವಿಂದರಾಜು ತಮ್ಮ ಫೋನಿಗೆ ಹಾಕಿಸಿಕೊಂಡು ಕಿವಿಗೊಟ್ಟರು. ಬರಹವನ್ನು ಓದಿ ಹೇಳುವ ಆ ಫೋನು "ಚಿತ್ರ. ಚಿತ್ರ. ಚಿತ್ರ" ಎಂದಷ್ಟೇ ಹೇಳಿತು. ಕುರುಡರಿಗೆ ಯಂತ್ರ ಮಾರಿ ಬದುಕುವವರು ಕುರುಡರು ಓದಬಹುದಾದ ಒಂದು ಸಾಲನ್ನೂ ಬರೆದಿರಲಿಲ್ಲ. ಗೋವಿಂದರಾಜು ನಕ್ಕುಬಿಟ್ಟರು. ಸರ್ವಮಂಗಳಗೆ ನಗು ಬರಲಿಲ್ಲ. "ಥೂ" ಎಂದು ಎದ್ದು ಹೊರಗೆ ಹೋದಳು.

ಮರುದಿನ ರಜೆ ಹಾಕಿ ಗುಬ್ಬಿಗೆ ಹೋದಳು. ಚಿಕ್ಕಮ್ಮನ ಮಗಳು ಕಾವ್ಯಾಳ ಡಿಟಿಪಿ ಅಂಗಡಿಯಲ್ಲಿ ಹಳೆಯ ಸಿಸ್ಟಂ ಇರುವ ಕಂಪ್ಯೂಟರೊಂದು ಮೂಲೆ ಸೇರಿತ್ತು. ಯಂತ್ರದ ಜೊತೆ ಬಂದಿದ್ದ ಸಿ.ಡಿ.ಯನ್ನು ಅದರೊಳಗೆ ಹಾಕಿದರೆ ಡ್ರೈವರ್ ತಕರಾರಿಲ್ಲದೆ ಕೂತಿತು.

"ಅಕ್ಕ, ಇದಕ್ಕೆ ನೆಟ್ ಮಾತ್ರ ಕೊಡ್ಬೇಡ ಕಣೇ, ವೈರಸ್ ನುಗ್ಬಿಡ್ತದೆ. ಪೆನ್‌ಡ್ರೈವಲ್ಲೂ ಹುಷಾರು," ಎಂದಳು ಕಾವ್ಯ. ಆ ಕಂಪ್ಯೂಟರ್ ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸರ್ವಮಂಗಳ ಎರಡು ಬಸ್ಸು ಹತ್ತಿ ಇಳಿದಳು. "ಮಗು ಮಲಗೈತೇನಮ್ಮ?" ಎಂದು ಪಕ್ಕದ ಅಜ್ಜಿ ಕೇಳಿದಳು.

ಯಂತ್ರ ಗುಡುಗತೊಡಗಿದಾಗ ಗೋವಿಂದರಾಜು ಓಡೋಡಿ ಬಂದರು. ಹಾಳೆ ಇನ್ನೂ ಹೊರಬರುತ್ತಿದ್ದಂತೆಯೇ ಬೆರಳಿಟ್ಟು "ಪ್ರಶ್ನೆ ಒಂದು" ಎಂದು ಗಟ್ಟಿಯಾಗಿ ಓದಿದರು.

ಪರೀಕ್ಷೆ ನಡೆಯಿತು. ಆ ನಡುವೆಯೇ ಬಂದ ಲಕ್ಷ್ಮೀಕಾಂತ್ ಗುಬ್ಬಿಯ ಡಬ್ಬ ನೋಡಿ ಹುಬ್ಬೇರಿಸಿದ.

"ಭಾಳಾ ಹಳೇದು ಮೇಡಂ ಇದು. ಇದನ್ನೂ ಅಪ್‌ಗ್ರೇಡ್ ಮಾಡ್ಬಿಡ್ಲಾ?"

ಸರ್ವಮಂಗಳ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು. "ಆಚೆ ನಡೀರಿ," ಎಂದಳು. ಅವನು ಹೋದಮೇಲೆ, ಅವನು ಮುಟ್ಟಿದ್ದ ಮೌಸನ್ನು ಸೆರಗಿನಿಂದ ಒರೆಸಿದಳು.