ಗಂಡನ ಹೆಸರಿನ ಖಾನೆ

“ಗಂಡನ ಹೆಸರ ಹೇಳಾಕ ನಿಮ್ಮೊಳಗ ಒಬ್ಬಾಕಿಗಾರ ನಾಲಿಗಿ ಇರಲಿಲ್ಲೇನ, ರಂಡ್ಯಾರ? ಎಲ್ಲಾರ ಬಾಯಾಗ ಸಗಣಿ ತುಂಬಿತ್ತೇನ?”

ಮುಕ್ಕಾದಮ ಮಾಣಿಕರಾವ ಫೈಲನ್ನು ನನ್ನ ಮುಖಕ್ಕೇ ಎಸೆದ. ನಾನು ಕುಕ್ಕುರುಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದೆ. ಫೈಲು ಕಿವಿಗೆ ತಾಗಿ ಫಿನಾಯಿಲ್ ಬಕೆಟ್ಟಿನ ಪಕ್ಕ ಬಿತ್ತು. ಎತ್ತಿ, ಸೆರಗಿನಿಂದ ಒರೆಸಿ, ಮೇಜಿನ ಮೇಲಿಟ್ಟೆ. ಹನ್ನೆರಡು ವರ್ಷದಿಂದ ಈ ನರ್ಸಿಂಗ್ ಹೋಮಿನಲ್ಲಿ ಬಿದ್ದದ್ದನ್ನು ಎತ್ತುವುದೇ ನನ್ನ ಕೆಲಸ.

ಹುಮನಾಬಾದಿನ ಈ ನರ್ಸಿಂಗ್ ಹೋಮು ಡಾಕ್ಟರ್ ಅನೀಲಕುಮಾರರದು. ಅವರೀಗ ಇಲ್ಲಿರುವುದಿಲ್ಲ. ಇಲ್ಲಿಂದ ಬೆಂಗಳೂರು, ಅಲ್ಲಿಂದ ದಿಲ್ಲಿ, ಹೀಗೆ ಮೇಲೆ ಮೇಲೆ ಹೋದವರು. ಇಡೀ ದೇಶದ ಆರೋಗ್ಯ ಇಲಾಖೆಗೆ ಒಬ್ಬ ದೊಡ್ಡ ಸಾಹೇಬನನ್ನು ಆರಿಸುತ್ತಿದ್ದಾರಂತೆ, ಕೊನೆಗೆ ಮೂರು ಹೆಸರು ಉಳಿದಿವೆಯಂತೆ, ಅದರಲ್ಲೊಂದು ನಮ್ಮ ಡಾಕ್ಟರದಂತೆ. ಬಸ್ ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಬ್ಯಾನರು ಕಟ್ಟಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಇಲ್ಲಿ ಕಂಪ್ಯೂಟರ್ ಬಡಿಯುವ ಫೈಜಲ ಓದಿ ಹೇಳಿದ್ದ: ದೊಡ್ಡ ಓದು, ಪರದೇಶದ ಸರ್ಟಿಫಿಕೇಟು, ಹಳ್ಳಿಯ ಬಡ ಹೆಣ್ಣುಮಕ್ಕಳ ಸೇವೆ. ಆ ಬಡ ಹೆಣ್ಣುಮಕ್ಕಳು ಎಂದರೆ ನಾವು. ಅವರ ಯೋಗ್ಯತೆಯ ಪಟ್ಟಿಯಲ್ಲಿ ನಮ್ಮ ಹೊಟ್ಟೆಗಳೂ ಸೇರಿದ್ದವು.

ಸೇವೆ ಹೇಗಿತ್ತು ಎಂದು ಹೇಳುತ್ತೇನೆ, ಕೇಳಿ. ನಾವು ಮಂಠಾಳದವರು. ದಸರೆ ಮುಗಿದರೆ ಕಬ್ಬು ಕಡಿಯಲು ಹೊರಡುವವರು. ಗುಂಪು ಕಟ್ಟಿ ಕರೆದೊಯ್ಯುವ ಮುಕ್ಕಾದಮ ಈ ಮಾಣಿಕರಾವ. ಅವನ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಮನುಷ್ಯರಲ್ಲ, ಇಬ್ಬರೂ ಸೇರಿ ಒಂದು ಕೊಯ್ತಾ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಹೆಂಡತಿ ತಿಂಗಳಿಗೆ ಮೂರು ದಿನ ಹೊಟ್ಟೆ ಹಿಡಿದು ಮಲಗಿದರೆ ಕತ್ತಿ ಮೊಂಡಾಯಿತು ಎನ್ನುತ್ತಿದ್ದ. ಮಲಗಿದವಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಇಲ್ಲಿಗೆ ತರುತ್ತಿದ್ದ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಚೀಲ ಕೊಳೆತಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎನ್ನುತ್ತಿದ್ದರು. ಎಲ್ಲರಿಗೂ ಅದೇ ಮಾತು. ಒಂದು ಹಂಗಾಮಿನಲ್ಲಿ ಮೂವತ್ತೊಂದು ಹೆಂಗಸರ ಗರ್ಭಚೀಲ ತೆಗೆದರು. ಮೊದಲನೆಯವಳು ನಾನು. ಆಮೇಲೆ ನನಗೆ ಬಗ್ಗಿ ಕಬ್ಬು ಕಡಿಯಲು ಆಗಲಿಲ್ಲ, ಗಂಡ ಮಾಣಿಕರಾವನ ಟ್ರ್ಯಾಕ್ಟರ್ ನಡೆಸತೊಡಗಿದ. ಡಾಕ್ಟರು ಕನಿಕರ ತೋರಿ ಕೈಗೆ ಪೊರಕೆ ಕೊಟ್ಟರು.

ಪೊರಕೆಯ ಜೊತೆಗೆ ಇನ್ನೊಂದು ಕೆಲಸವಿತ್ತು. ಬಂದವರ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿಸುವುದು. ನನ್ನ ಕೇರಿಯವರು, ನನ್ನ ಮಾತು ಕೇಳುತ್ತಾರೆ. ಏನಾಗುವುದಿಲ್ಲ, ನನ್ನದೂ ತೆಗೆದಿದ್ದಾರೆ ನೋಡು ಎಂದು ಒತ್ತಿಸಿದೆ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗಿರಿಜಾಬಾಯಿಯದನ್ನೂ ಒತ್ತಿಸಿದೆ. ಅವಳಿಗೆ ಇಪ್ಪತ್ತಮೂರು ವರ್ಷ, ಮಡಿಲಲ್ಲಿ ಒಂದೇ ಕೂಸು. ಆ ಕೂಸು ಮರುವರ್ಷ ಜ್ವರಕ್ಕೆ ಹೋಯಿತು. ಇವತ್ತಿಗೂ ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡಲು ನನಗೆ ಆಗುವುದಿಲ್ಲ.

ಈಗ ಯಾರೋ ದಿಲ್ಲಿಗೆ ಅರ್ಜಿ ಹಾಕಿದ್ದರಂತೆ. ಕಾಗದ ನೋಡಿ, ಹೆಂಗಸರನ್ನು ಮಾತಾಡಿಸಲು ಅಲ್ಲಿಂದ ಒಬ್ಬ ಮೇಡಂ ಶುಕ್ರವಾರ ಬರುವವರಿದ್ದರು. ಹಾಗಾಗಿ ಹಳೆಯ ಫೈಲುಗಳನ್ನು ಕಪಾಟಿನಿಂದ ಹೊರಗೆ ತೆಗೆಸಿದರು. ಫೈಜಲ ಒಂದೊಂದೇ ಓದುತ್ತಾ ಹೋದವನು ಮೊದಲು ನಕ್ಕ. ಆಮೇಲೆ ಅವನ ಮುಖ ಬಿಳುಪೇರಿತು.

“ಚಂದಮ್ಮಾ, ಇದೇನಿದು? ಮೂವತ್ತೊಂದ ಹೆಂಗಸ್ರಿಗೂ ಒಬ್ಬನೇ ಗಂಡ ಅದಾನ. ಮಾಣಿಕರಾವ.”

ನನಗೆ ಆಗ ನೆನಪಾಯಿತು. ನಮ್ಮಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ರೇಶನ್ ಅಂಗಡಿಯಲ್ಲಿ, ಶಾಲೆಯಲ್ಲಿ ಪಕ್ಕದವಳು ಹೇಳುತ್ತಾಳೆ, ನಾವು ಹೂಂ ಎನ್ನುತ್ತೇವೆ. ಆಗ ಪಕ್ಕದಲ್ಲಿ ಯಾರಿದ್ದರು? ಒಬ್ಬೊಬ್ಬಳನ್ನೇ ಒಳಗೆ ಕರೆಯುತ್ತಿದ್ದರು, ಹೆಸರು ಬರೆದಾದ ಮೇಲೆಯೇ ನಾನು ಮಸಿ ಹಿಡಿದು ಹೋಗುತ್ತಿದ್ದೆ. ಗಂಡಂದಿರು ಕಬ್ಬಿನಲ್ಲಿದ್ದರು, ಅವರನ್ನು ಬಿಡುತ್ತಿರಲಿಲ್ಲ. ಕಂಪೌಂಡರು ಗಂಡನ ಹೆಸರೇನು ಎಂದು ಕೇಳಿದರೆ ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತ ಮುಕ್ಕಾದಮನ ಕಡೆ ನೋಡಿದೆವು, ಅವನಾದರೂ ಹೇಳಲಿ ಎಂದು. ಕಂಪೌಂಡರು ಅವನ ಹೆಸರನ್ನೇ ಬರೆದುಕೊಂಡರು. ಈ ಮಾಣಿಕರಾವನೂ ಸಹಿ ಹಾಕಿದ. ನನ್ನ ಹೆಂಡತಿಯ ಗರ್ಭಕೋಶ ತೆಗೆಯಲು ನನ್ನ ಪೂರ್ಣ ಒಪ್ಪಿಗೆ ಇದೆ ಎಂದು ಮೂವತ್ತೊಂದು ಸಲ.

ನನ್ನ ಗಂಡನಿಗೆ ಸುದ್ದಿ ಗೊತ್ತಾಗುವ ಹೊತ್ತಿಗೆ ನನ್ನ ಚೀಲ ತಟ್ಟೆಯಲ್ಲಿತ್ತು. ಮೂರನೆಯ ದಿನ ಅವನು ಬಂದು, ಏನೂ ಕೇಳದೆ, ನನ್ನ ಗಂಟನ್ನು ತಲೆ ಮೇಲಿಟ್ಟುಕೊಂಡು ಮುಂದೆ ನಡೆದಿದ್ದ. ಅಂಥವನ ಹೆಸರಿರಬೇಕಾದ ಕಡೆ ಈ ಬಾಡ್ಯಾನ ಹೆಸರು.

ಬೈದು ಫೈಲು ಎಸೆದ ಮಾಣಿಕರಾವ ಉಪಾಯ ಹೂಡಿಯೇ ಬಂದಿದ್ದ. ಫೈಜಲನಿಂದ ಹೊಸ ಫಾರಂ ಬರೆಸಿದ. ಹನ್ನೆರಡು ವರ್ಷದ ಹಿಂದಿನ ತಾರೀಖು, ರೇಶನ್ ಕಾರ್ಡು ನೋಡಿ ಸರಿಯಾದ ಗಂಡಂದಿರ ಹೆಸರು. ಹೆಬ್ಬೆಟ್ಟು ಮಾತ್ರ ಬಾಕಿ. ಹಳೆಯವನ್ನು ಹಿಂದಿನ ಗುಂಡಿಯಲ್ಲಿ ಸುಡು ಎಂದು ನನಗೆ ಹೇಳಿದ. ಹೋಗುವಾಗ ದನಿ ತಗ್ಗಿಸಿ ಇನ್ನೊಂದು ಮಾತಾಡಿದ.

“ನಿನ್ನ ಗಂಡ ನನ್ನ ಟ್ರ್ಯಾಕ್ಟರ್ ಮ್ಯಾಲ ಒಬ್ಬನ ತಿರುಗಾಡತಾನ, ಚಂದಮ್ಮ. ಹಳ್ಳಿಖೇಡ ರಸ್ತಾ ಭಾಳ ಕೆಟ್ಟದ. ನೆನಪಿಟ್ಟುಕೋ.”

ಗುಂಡಿಯಲ್ಲಿ ಫೈಲಿನ ಬದಲು ಔಷಧಿಯ ರಟ್ಟಿನ ಡಬ್ಬಿಗಳನ್ನೂ ಹಳೆಯ ಕ್ಯಾಲೆಂಡರುಗಳನ್ನೂ ಸುಟ್ಟೆ. ಬೂದಿಗೆ ಬೂದಿ, ಯಾರಿಗೆ ಗೊತ್ತಾಗುತ್ತದೆ. ನನಗೆ ಓದು ಬಾರದಿದ್ದರೂ ನನ್ನ ಫಾರಂ ಯಾವುದೆಂದು ಗೊತ್ತಾಯಿತು. ಚಿಕ್ಕವಳಿದ್ದಾಗ ಕೊಯ್ತಾ ತಾಗಿ ನನ್ನ ಹೆಬ್ಬೆಟ್ಟಿನ ಅಡ್ಡಕ್ಕೆ ಒಂದು ಗಾಯದ ಗೀಟಿದೆ. ಮಸಿಯ ಗುರುತಿನಲ್ಲೂ ಆ ಗೀಟಿತ್ತು. ಮೂವತ್ತೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆಡ್‌ಪ್ಯಾನುಗಳ ಕಪಾಟಿನಲ್ಲಿಟ್ಟೆ. ಹನ್ನೆರಡು ವರ್ಷದಲ್ಲಿ ಆ ಕಪಾಟಿಗೆ ನನ್ನ ಹೊರತು ಬೇರೆ ಯಾರೂ ಕೈ ಹಾಕಿಲ್ಲ.

ಮರುದಿನ ಮಾಣಿಕರಾವ ನನ್ನನ್ನು ಜೀಪಿನಲ್ಲಿ ಕೂಡಿಸಿಕೊಂಡು ಕಲ್ಯಾಣದ ಮೇಲೆ ಹಾದು ಮಂಠಾಳಕ್ಕೆ ಹೋದ. ಹೆಂಗಸರನ್ನು ಸಮುದಾಯ ಭವನದ ಕಟ್ಟೆಗೆ ಕರೆಸಿದ. ನನ್ನನ್ನೂ ಸೇರಿಸಿ ಬದುಕಿದ್ದವರು ಇಪ್ಪತ್ತೆರಡು ಮಂದಿ. ಮೂವತ್ತೈದು, ನಲವತ್ತರ ಹೆಂಗಸರು ಗೋಡೆ ಹಿಡಿದು ಕೂರುತ್ತಿದ್ದರು, ಗೋಡೆ ಹಿಡಿದು ಏಳುತ್ತಿದ್ದರು. ಯಾಕೆ ಏನು ಎಂದು ಕೇಳುವ ಹಾಗಿರಲಿಲ್ಲ. ಈ ಸಲದ ಹಂಗಾಮಿಗೆ ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಎಂದು ನಾಳೆ ನೋಡುತ್ತೇನೆ ಎಂದಷ್ಟೇ ಅವನು ಹೇಳಿದ. ಜೈನಬಿ ಮಾತ್ರ, ಇದು ಎಂಥ ಕಾಗಜ ಎಂದಳು. ನಿನ್ನಪ್ಪನ ಮದುವೀದು ಎಂದು ಅವನು ಅವಳ ಕೈ ತಿರುವಿ ಮಸಿಗೆ ಅದ್ದಿದ. ಸತ್ತ ಒಂಬತ್ತು ಮಂದಿಯ ಫಾರಮ್ಮಿಗೆ ತನ್ನದೇ ಕೈಕಾಲಿನ ಬೆರಳುಗಳನ್ನು ಒತ್ತಿದ. ಉಳಿದವರದನ್ನು ನಾನೇ ಒತ್ತಿಸಿದೆ. ಮತ್ತೆ ನಾನೇ.

ಅವನು ಜೀಪಿನ ಹತ್ತಿರ ಫೋನಿನಲ್ಲಿದ್ದಾಗ ಗಿರಿಜಾಬಾಯಿ ನಳದ ಹತ್ತಿರ ಕೈ ತೊಳೆಯುತ್ತಿದ್ದಳು. ಹೋಗಿ ಎಲ್ಲ ಹೇಳಿದೆ. ಹಳೆಯ ಕಾಗದ ನನ್ನ ಹತ್ತಿರ ಇದೆ ಎಂದೂ ಹೇಳಿದೆ. ಅವಳು ಮಸಿ ಹೋಗುವವರೆಗೂ ಬೆರಳನ್ನು ಕಲ್ಲಿಗೆ ತಿಕ್ಕುತ್ತಲೇ ಇದ್ದಳು.

“ಅಕ್ಕಾ, ಈ ಡಾಕ್ಟರ ದಿಲ್ಲಿಗಿ ಮಾಲಕ ಆದ ಅಂದ್ರ, ದೇಶದಾಗ ಇರೋ ದವಾಖಾನಿ ಎಲ್ಲಾ ಇವನ ಕೈಯಾಗ ಏನ?”

ಹೌದು ಎಂದೆ.

“ಹಂಗಾರ ಆ ಮೇಡಂ ಮುಂದ ನಾ ಹೇಳ್ತೀನಿ. ನೀ ಮೊದಲ ಹೇಳು. ನನ್ನ ಹೆಬ್ಬೆಟ್ಟ ಹಿಡದ ಒತ್ತಿದಾಕಿ ನೀನ.”

ಬೈಯಲಿಲ್ಲ, ಅಳಲಿಲ್ಲ. ಹನ್ನೆರಡು ವರ್ಷದಲ್ಲಿ ಆ ಮಾತನ್ನು ಅವಳು ಆಡಿದ್ದು ಅದೇ ಮೊದಲು.

ಶುಕ್ರವಾರ ಡಾಕ್ಟರೂ ಬಂದರು. ಕೂದಲು ಬೆಳ್ಳಗಾಗಿತ್ತು, ಮಾತು ಅದೇ ಮೆತ್ತಗೆ. ಚಂದಮ್ಮ, ಆರಾಮ ಇದ್ದೀಯಾ ಎಂದು ನನ್ನ ತಲೆ ಸವರಿದರು. ಆ ಕೈಯಿಂದ ಈಗಲೂ ಡೆಟಾಲ್ ವಾಸನೆ ಬರುತ್ತಿತ್ತು. ನಮ್ಮವರನ್ನು ಹೊಸ ಸೀರೆ ಉಡಿಸಿ ದೊಡ್ಡ ಕೋಣೆಯ ನೆಲದ ಮೇಲೆ ಸಾಲಾಗಿ ಕೂರಿಸಿದ್ದರು. ದಿಲ್ಲಿಯ ಮೇಡಂ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ಹೊಸ ಫಾರಮ್ಮುಗಳ ಪುಟ ತಿರುವುತ್ತಿದ್ದರು. ಮಾಣಿಕರಾವ ಬಾಗಿಲಲ್ಲಿ ನಿಂತಿದ್ದ, ಹನ್ನೆರಡು ವರ್ಷದ ಹಿಂದೆ ನಿಂತಲ್ಲೇ. ಅವನ ಹಿಂದೆ ಅಂಗಳದಲ್ಲಿ ಟ್ರ್ಯಾಕ್ಟರು. ಹೆಂಗಸರನ್ನು ಅದರಲ್ಲೇ ಕರೆತಂದಿದ್ದರು. ಸೀಟಿನ ಮೇಲೆ ನನ್ನ ಗಂಡ ಕೂತು ತಂಬಾಕು ತಿಕ್ಕುತ್ತಿದ್ದ.

ಮೇಡಂ ಹಿಂದಿ ಬೆರೆಸಿದ ಕನ್ನಡದಲ್ಲಿ ಮೊದಲು ನನ್ನನ್ನೇ ಕರೆದು ಹೆಸರು ಕೇಳಿದರು. ಹೇಳಿದೆ. ಗಂಡನ ಹೆಸರು ಕೇಳಿದರು. ಬಾಗಿಲಿಂದ ಮಾಣಿಕರಾವ ನಕ್ಕು, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಸಂಸ್ಕಾರ, ಎಲ್ಲರದೂ ನಾನೇ ಹೇಳುತ್ತೇನೆ, ನೀವು ಬರೆದುಕೊಳ್ಳಿ ಎಂದ. ಡಾಕ್ಟರು ತಲೆಯಾಡಿಸಿದರು.

ಗಿರಿಜಾಬಾಯಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ನಾನೂ ಅವಳ ಕಣ್ಣು ನೋಡಿದೆ.

ಒಳಗೆ ಹೋದೆ. ಮುಚ್ಚಿದ ಬೆಡ್‌ಪ್ಯಾನು ಹಿಡಿದು ಬರುವವಳಿಗೆ ಎಲ್ಲರೂ ಮೂಗು ಹಿಡಿದು ದಾರಿ ಬಿಡುತ್ತಾರೆ, ಮಾಣಿಕರಾವನೂ ಬಿಟ್ಟ. ಅದನ್ನು ಮೇಡಂ ಎದುರಿಗಿಟ್ಟು ಮುಚ್ಚಳ ತೆಗೆದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಆಮೇಲೆ ಒಳಗಿದ್ದ ಕಾಗದ ಕಂಡಿತು. ನನ್ನ ಹಳೆಯ ಫಾರಂ, ಮೇಜಿನ ಮೇಲಿದ್ದ ನನ್ನ ಹೊಸ ಫಾರಂ, ಎರಡನ್ನೂ ಜೋಡಿಸಿ ಇಟ್ಟು ಪಕ್ಕದಲ್ಲಿ ನನ್ನ ಹೆಬ್ಬೆಟ್ಟು ಇಟ್ಟೆ. ಮೂರರಲ್ಲೂ ಗೀಟಿತ್ತು.

“ಹೆಬ್ಬೆಟ್ಟ ಒಂದ ಅದರಿ, ಗಂಡ ಇಬ್ರು ಅದಾರ. ಒಬ್ಬಾವ ಸುಳ್ಳ,” ಎಂದೆ. ಹೊರಗೆ ನನ್ನ ಗಂಡ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ್ದ. ಇಪ್ಪತ್ತು ವರ್ಷ ನಾನು ಅವನನ್ನು ‘ಏ, ಕೇಳಿಲ್ಲಿ’ ಎಂದೇ ಕರೆದವಳು. ನನಗೆ ಬಹಳ ಹೆದರಿಕೆಯಾಯಿತು.

“ನನ್ನ ಗಂಡನ ಹೆಸರ ಪಂಡರಿ.”

ಗಿರಿಜಾಬಾಯಿ ಗೋಡೆ ಹಿಡಿದು ಎದ್ದು ತನ್ನ ಗಂಡನ ಹೆಸರು ಹೇಳಿದಳು. ಜೈನಬಿ ಎದ್ದು, ಹುಸೇನ ಎಂದಳು, ಮತ್ತೆ ಇನ್ನೂ ಗಟ್ಟಿಯಾಗಿ ಹುಸೇನ ಎಂದಳು. ಒಬ್ಬೊಬ್ಬರೇ ಏಳತೊಡಗಿದರು. ಡಾಕ್ಟರು ನಗುತ್ತಲೇ ಫೈಜಲನಿಗೆ, ಮೇಡಂಗೆ ಚಹಾ ತರಿಸು ಎಂದರು. ಫೈಜಲ ಅಲ್ಲಾಡಲಿಲ್ಲ. ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದಿದ್ದರು, ಬರೆಯುತ್ತಿದ್ದಾರೋ ಇಲ್ಲವೋ ನನಗೆ ಕಾಣಲಿಲ್ಲ.

ಮಾಣಿಕರಾವ ನನ್ನ ಕಡೆ ನೋಡಲೇ ಇಲ್ಲ. ಅಂಗಳದ ಕಡೆ ತಿರುಗಿ ಸಮಾಧಾನದಿಂದ ಹೇಳಿದ:

“ಪಂಡರೀ, ಗಾಡಿ ತೆಗಿ. ಹಳ್ಳಿಖೇಡಕ್ಕ ಹೋಗಿ ಬರೂಣು. ನಾನೂ ಬರ್ತೀನಿ.”

ಇಪ್ಪತ್ತೆರಡು ಹೆಸರು ಮುಗಿದವು. ಮೇಡಂ ಇಪ್ಪತ್ತಮೂರನೆಯ ಕಾಗದ ಎತ್ತಿ ಯಶೋದಾಬಾಯಿ ಎಂದು ಕರೆದರು. ಯಾರೂ ಏಳಲಿಲ್ಲ. ಅವಳು ಆಪರೇಷನ್ ಆದ ಮೂರನೆಯ ದಿನವೇ, ಆ ಮೂಲೆಯ ಮಂಚದಲ್ಲಿ ಹೋದವಳು. ಆ ಹಾಸಿಗೆ ತೊಳೆದವಳು ನಾನು.

ಹೊರಗೆ ಟ್ರ್ಯಾಕ್ಟರು ಶುರುವಾದ ಸಪ್ಪಳ ಕೇಳಿಸಿತು. ಸೀಟಿನ ಮೇಲೆ ಯಾರಿದ್ದಾರೆಂದು ತಿರುಗಿ ನೋಡಲಿಲ್ಲ. ನೋಡಿದ್ದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಸತ್ತ ಒಂಬತ್ತು ಮಂದಿಯ ಗಂಡಂದಿರ ಹೆಸರು ನನಗೆ ಗೊತ್ತಿತ್ತು. ಯಶೋದಾಬಾಯಿಯ ಗಂಡನ ಹೆಸರಿನಿಂದ ಹಿಡಿದು ಒಂದೊಂದೇ ಹೇಳತೊಡಗಿದೆ.